ಬ್ಯಾಂಕಾಕಿಗೆ ಹೊತ್ತೊಯ್ದ ನಲವತ್ತು ತಲೆ

ಹೊರಡುವ ಮೊದಲು

ರಾಮನಗರದ ಬೆಟ್ಟದ ಬುಡದಲ್ಲಿ ಒಂದು ರೆಸಾರ್ಟ್ ಇದೆ. ಅಲ್ಲಿ ಶೌಚಾಲಯದ ಹೊರಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕ, ನಾನು ಮಾಡಿದ ಬುದ್ಧ ಕೂತಿದ್ದಾನೆ. ಅಕ್ಕನ ಮಗಳ ಸೀಮಂತದ ಊಟಕ್ಕೆ ಹೋದಾಗ ನೋಡಿದೆ. ಸೋಪಿನ ನೊರೆ ಹಾರಿ ಅವನ ಕಿವಿಯ ಮೇಲೆ ಒಣಗಿತ್ತು. ಸೆರಗಿನಿಂದ ಒರೆಸಿ, ಏನೂ ಆಗಿಲ್ಲವೆಂಬಂತೆ ಪಂಕ್ತಿಗೆ ಬಂದು ಕೂತೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಬ್ಯಾಂಕಾಕ್ ಪ್ರಯಾಣ ನಿಜವಾಗಿ ಶುರುವಾದದ್ದು ಆ ಬೇಸಿನ್ನಿನ ಪಕ್ಕದಲ್ಲೇ.

ನಾನು ಜಯಮ್ಮ. ಹುಟ್ಟಿದ್ದು ಬೈರಾಪಟ್ಟಣದಲ್ಲಿ, ಮದುವೆಯಾಗಿ ಬಂದದ್ದು ಚನ್ನಪಟ್ಟಣಕ್ಕೆ. ಲೇತ್ ಮಷೀನಿನ ಮುಂದೆ ಅರ್ಧ ಆಯಸ್ಸು ಕಳೆದಿದ್ದೇನೆ. ಆರು ಹೆಂಗಸರು ಸೇರಿ ನಡೆಸುವ ಬೊಂಬೆ ಅಂಗಡಿ ನಮ್ಮದು. ಎಲ್ಲರಿಗಿಂತ ಹಿರಿಯರು ಸಾಬಿರಾ ಆಪಾ. ಅವರು ತಲೆ ಕಡೆಯುತ್ತಾರೆ, ನಾನು ಮೈ ಕಡೆಯುತ್ತೇನೆ, ಉಳಿದವರು ಅರಗಿನ ಬಣ್ಣ ಹಚ್ಚಿ ತಾಳೆ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ತಲೆಗೊಂದು ಬುಟ್ಟಿ, ಮೈಗೊಂದು ಬುಟ್ಟಿ. ಕೊನೆಯಲ್ಲಿ ಕುತ್ತಿಗೆಯ ತೂತಿಗೆ ಬಿದಿರು ಕಡ್ಡಿ ಇಟ್ಟು ಎರಡನ್ನೂ ಕೂಡಿಸುವುದು. ರಾಜ, ರಾಣಿ, ಪೊಲೀಸು, ಬುದ್ಧ, ಎಲ್ಲರಿಗೂ ಇದೇ ಪದ್ಧತಿ. ಬುಟ್ಟಿ ತುಂಬ ತಲೆ ಕಂಡರೆ ನಮ್ಮೂರಲ್ಲಿ ಎಳೆ ಮಕ್ಕಳೂ ಬೆಚ್ಚುವುದಿಲ್ಲ.

ಈಚಿನ ವರ್ಷಗಳಲ್ಲಿ ಕುದುರೆ, ಗಿಲಕಿ ಕೇಳುವವರಿಗಿಂತ ಬುದ್ಧನನ್ನು ಕೇಳುವವರೇ ಹೆಚ್ಚು. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಇಳಿಯುವವರ ಪ್ರಶ್ನೆಗಳು ನನಗೆ ಬಾಯಿಪಾಠ. ಮನೆಗೆ ಶಾಂತಿ ಕೊಡುವಂಥದ್ದು ಇದೆಯಾ, ಯಾವ ದಿಕ್ಕಿಗೆ ಮುಖ ಮಾಡಿಸಬೇಕು, ಟೀವಿ ಪಕ್ಕ ಇಡಬಹುದಾ, ಸೋಫಾದ ಬಣ್ಣಕ್ಕೆ ಹೊಂದುವ ಬುದ್ಧ ಸಿಗುತ್ತಾನಾ. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ನಮ್ಮ ಮನೆಯ ಶೋಕೇಸಿನಲ್ಲಿ ಬುದ್ಧ ನನ್ನ ಮಗ ಗೆದ್ದ ಕಬಡ್ಡಿ ಕಪ್ಪಿನ ಪಕ್ಕದಲ್ಲಿದ್ದಾನೆ, ಸುಖವಾಗಿದ್ದಾನೆ. ಧೂಳು ಒರೆಸುವಾಗ ದಿನಾ ಒಂದು ಸಲ ಅವನ ಮುಖ ನೋಡುತ್ತೇನೆ. ಅಂದಕ್ಕೆಂದು ಮನೆಯಲ್ಲಿಟ್ಟುಕೊಂಡರೆ ತಪ್ಪು ಎಂದು ವಾದಕ್ಕೆ ಬರುವವರು ಬರಲಿ, ನಾನು ಸಿದ್ಧ.

ನಮ್ಮ ಬೊಂಬೆಗಳನ್ನು ಹೊರದೇಶಕ್ಕೆ ಮಾರಿಸುವವರು ಬೆಂಗಳೂರಿನ ಸುನಂದಾ ಮೇಡಂ. ಬ್ಯಾಂಕಾಕಿನಲ್ಲಿ ಮನೆ ಅಲಂಕಾರದ ವಸ್ತುಗಳ ದೊಡ್ಡ ಮೇಳ ಇದೆ, ಕೆಲಸ ಮಾಡುವ ಕೈಯೇ ಬಂದು ನಿಂತರೆ ಆರ್ಡರ್ ಸಿಗುತ್ತದೆ ಎಂದು ನನ್ನನ್ನು ಕರೆದರು. ಆರ್ಡರ್ ನಮಗೆ ಬೇಕೇ ಬೇಕಿತ್ತು. ಎರಡು ಲೇತ್ ಮಷೀನು ತಿಂಗಳುಗಟ್ಟಲೆ ಸುಮ್ಮನೆ ನಿಂತಿದ್ದವು. ಬಣ್ಣದ ಕೆಲಸದ ರತ್ನ, ಹೀಗೇ ಆದರೆ ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿಬಿಡುತ್ತೇನೆ ಎನ್ನುತ್ತಿದ್ದಳು. ಅವಳ ತವರು ಆ ಕಡೆಯೇ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಸಾಬಿರಾ ಆಪಾ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು.

"ಬರಿಗೈಲಿ ಬರ್ಬೇಡ ಕಣಮ್ಮಿ."

ಇಳಿದ ದಿನ

ನಲವತ್ತು ಬುದ್ಧರನ್ನು ಒಯ್ದಿದ್ದೆವು. ನಮ್ಮ ಪದ್ಧತಿಯಂತೆಯೇ ಕಟ್ಟಿದ್ದೆ. ಮೈಗಳು ಭಾರ, ಅವು ದೊಡ್ಡ ಸೂಟ್‌ಕೇಸಿಗೆ. ತಲೆಗಳ ಹೊಳಪು ಬೇಗ ಕೆಡುತ್ತದೆ, ಅವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ, ಡಬ್ಬ ನನ್ನ ಕೈಚೀಲಕ್ಕೆ. ಬ್ಯಾಂಕಾಕಿನಲ್ಲಿ ಬೆಲ್ಟಿನ ಮೇಲೆ ಎಲ್ಲರ ಸಾಮಾನೂ ಬಂತು, ಮೈಗಳ ಸೂಟ್‌ಕೇಸ್ ಮಾತ್ರ ಬರಲಿಲ್ಲ. ಅದು ದಾರಿ ತಪ್ಪಿ ಬೇರೆ ವಿಮಾನ ಹತ್ತಿತ್ತಂತೆ. ಕೌಂಟರಿನ ಹುಡುಗಿ ನಗುತ್ತಲೇ ಹೇಳಿದಳು. ಈ ಊರಿನವರು ಕೆಟ್ಟ ಸುದ್ದಿಯನ್ನೂ ನಗುತ್ತಲೇ ಹೇಳುತ್ತಾರೆ, ನಮ್ಮ ಬಸ್ ಕಂಡಕ್ಟರ್ ಚಿಲ್ಲರೆ ಕೊಡುವಾಗಲೂ ಸಿಡುಕುತ್ತಾನೆ.

ನಿಲ್ದಾಣದಿಂದ ಹೊರಗೆ ಹೋಗುವ ಬಾಗಿಲಲ್ಲಿ ನನ್ನ ಕೈಚೀಲ ತೆರೆಸಿದರು. ಸಮವಸ್ತ್ರದ ಹೆಂಗಸು, ನನ್ನದೇ ವಯಸ್ಸು. ಡಬ್ಬದ ಮುಚ್ಚಳ ತೆಗೆದವಳು ಸೀರೆ ತುಂಡು ಬಿಡಿಸಿದಳು, ಒಂದು ತಲೆ, ಇನ್ನೊಂದು, ಮತ್ತೊಂದು. ಅವಳ ಮುಖ ಇಳಿದುಹೋಯಿತು. ಮೊದಲು ಡಬ್ಬಕ್ಕೆ ಕೈ ಮುಗಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಬೆನ್ನ ಹಿಂದೆ ದೊಡ್ಡದೊಂದು ಫಲಕ. ಬುದ್ಧನ ತಲೆಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಬುದ್ಧ ಅಲಂಕಾರದ ವಸ್ತುವಲ್ಲ, ಗೌರವ ಕೊಡಿ ಎಂದು ಅದರಲ್ಲಿ ಬರೆದಿದೆ ಎಂದು ಮೇಡಂ ಪಿಸುಗುಟ್ಟಿದರು. ಅಲಂಕಾರದ ಮೇಳಕ್ಕೆಂದು ಬಂದವಳು ನಾನು, ಚೀಲದಲ್ಲಿ ನಲವತ್ತು ತಲೆ.

ಮೇಡಂ ತಮ್ಮ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಮೈಗಳು ಹಿಂದಿನಿಂದ ಬರುತ್ತಿವೆ ಎಂದು ಒಪ್ಪಿಸಿದರು. ನನಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು. ನಾವೇನು ಕದ್ದು ತಂದವರೇ? ಆ ತಲೆಗಳ ಒಂದೊಂದು ಹುಬ್ಬನ್ನೂ ಉಸಿರು ಹಿಡಿದು ಬರೆದವರು ನಾವು. ಗೌರವದ ಪಾಠ ಇವಳಿಂದ ಕಲಿಯಬೇಕೇ ಎಂದು ಗಟ್ಟಿಯಾಗಿ ಕನ್ನಡದಲ್ಲೇ ಅಂದೆ. ಅವಳಿಗೆ ತಿಳಿಯಲಿಲ್ಲ. ನೆಲದ ಮೇಲಿದ್ದ ಚೀಲವನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟು, ಹೋಗಿ ಎಂದು ಸನ್ನೆ ಮಾಡಿದಳು.

ಮೇಳದ ಮೊದಲ ದಿನ

ಮೈ ಇಲ್ಲದೆ ಮಳಿಗೆ ಹೇಗೆ ತೆರೆಯುವುದು? ಮೇಡಂ ಗಾಜಿನ ಅಟ್ಟಣಿಗೆಗಳ ಮೇಲೆ ಹತ್ತಿಪ್ಪತ್ತು ತಲೆಗಳನ್ನೇ ಸಾಲಾಗಿ ಜೋಡಿಸಿದರು. ಉಳಿದವು ಡಬ್ಬದಲ್ಲಿ, ಡಬ್ಬ ಮೇಜಿನ ಕೆಳಗೆ. ಊಟ ಮುಗಿಸಿ ಬಂದರೆ ಡಬ್ಬ ಮೇಜಿನ ಮೇಲಿದೆ. ಕೆಳಗಿಟ್ಟೆ. ಚಹಾ ಕುಡಿದು ಬಂದರೆ ಮತ್ತೆ ಮೇಲೆ. ಮೂರನೇ ಸಲ ಕಂಬದ ಹಿಂದೆ ನಿಂತು ಕಾದೆ. ಮೇಳದ ಹಜಾರದ ನೆಲ ಒರೆಸುವ ಹೆಂಗಸು ಬಂದಳು, ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಕೈಯನ್ನು ಅಂಗಿಗೆ ಒರೆಸಿಕೊಂಡು ಡಬ್ಬವನ್ನು ಎತ್ತಿಟ್ಟಳು.

ನಾನು ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವಳೂ ಹೆದರಲಿಲ್ಲ. ಜೇಬಿನಿಂದ ಫೋನು ತೆಗೆದು ಅದಕ್ಕೆ ಏನೋ ಹೇಳಿದಳು. ಫೋನು ವಾರ್ತೆ ಓದುವವರ ಗತ್ತಿನಲ್ಲಿ ಕನ್ನಡ ನುಡಿಯಿತು: "ದಯವಿಟ್ಟು ಅವರನ್ನು ಕಾಲುಗಳ ಬಳಿ ಇರಿಸಬೇಡಿ."

ಕೋಪ ಎಲ್ಲಿ ಹೋಯಿತೋ, ನಗು ಬಂತು. ಅವಳೂ ನಕ್ಕಳು. ಹೆಸರು ನೋಯ್. ಗಾಜಿನ ಮೇಲಿದ್ದ ನಮ್ಮ ಬುದ್ಧನನ್ನು ನೋಡಿ ಅವಳಿಗೆ ಇನ್ನೂ ನಗು. ಅವರ ಬುದ್ಧನಿಗೆ ತೆಳ್ಳನೆಯ ಮುಖ, ಚೂಪು ಮೂಗು, ನೆತ್ತಿಯ ಮೇಲೆ ಜ್ವಾಲೆ. ನಮ್ಮವನು ಲೇತ್ ಮೇಲೆ ಹುಟ್ಟಿದವನು, ರಾಗಿಮುದ್ದೆಯ ಹಾಗೆ ಗುಂಡಗೆ. ಆದರೂ ನೋಯ್ ಪ್ರತಿ ಸಲ ಆ ಕಡೆ ಹಾಯುವಾಗ ತಲೆ ಬಗ್ಗಿಸಿಯೇ ಹೋಗುತ್ತಿದ್ದಳು. ಇಲ್ಲಿ ಬುದ್ಧನನ್ನು ಕೊಂಡೆ ಎನ್ನುವುದಿಲ್ಲವಂತೆ, ಬಾಡಿಗೆಗೆ ತಂದೆ ಎನ್ನುವುದಂತೆ. ಕೊಂಡರೆ ನಾವು ಯಜಮಾನರಾಗಿಬಿಡುತ್ತೇವಲ್ಲ. ಹಾಗಾದರೆ ನಾವು ಇಷ್ಟು ವರ್ಷ ಮಾರಿದ್ದೆಲ್ಲ ಏನು ಎಂದು ಕೇಳಿದೆ. ಫೋನು ಅದನ್ನು ಅವಳಿಗೆ ಹೇಗೆ ಹೇಳಿತೋ, ಅವಳು ನನ್ನ ಭುಜ ತಟ್ಟಿ ಹೋದಳು.

ಎರಡನೇ ದಿನ

ಮರುದಿನ ಉದ್ದನೆಯ ಬಿಳಿಯ ಒಬ್ಬ ಬಂದ. ಯೂರೋಪಿನ ಯಾವುದೋ ದೇಶದಲ್ಲಿ ಸಾಲು ಸಾಲು ಅಂಗಡಿಗಳಿರುವವನು. ಒಂದು ತಲೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ, ತುಂಬ ಮರ್ಯಾದೆಯಿಂದಲೇ. ಎಷ್ಟು ಶಾಂತವಾಗಿದೆ ಎಂದ. ಮೈ ಬರುತ್ತಿದೆ ಎಂದು ಮೇಡಂ ಹೇಳಿದರೆ ಬೇಡವೇ ಬೇಡ ಎಂದ. ಅವನಿಗೆ ತಲೆ ಸಾಕು. ಪುಸ್ತಕದ ಅಟ್ಟಣಿಗೆಗೆ, ಸ್ನಾನದ ಮನೆಗೆ, ಮೇಣದಬತ್ತಿಯ ಪಕ್ಕಕ್ಕೆ. ಸಾವಿರಗಟ್ಟಲೆ ತಲೆ, ವರ್ಷವಿಡೀ. ನಾವು ಊರಿಗೆ ಹೊರಡುವ ಮೊದಲು ಹೂಂ ಎಂದರೆ ಆಯಿತು.

ಸುಳ್ಳು ಹೇಳುವುದಿಲ್ಲ, ನನಗೆ ಕುಣಿಯುವಷ್ಟು ಖುಷಿಯಾಯಿತು. ನಿಂತ ಮಷೀನುಗಳು ಓಡುತ್ತವೆ, ರತ್ನ ಉಳಿಯುತ್ತಾಳೆ. ತಕ್ಷಣ ಸಾಬಿರಾ ಆಪಾಗೆ ಫೋನು ಮಾಡಿದೆ. ಆಪಾ ಅಲ್ಲಾನನ್ನು ನೆನೆದು, ತಲೆ ಅಂದರೆ ತನ್ನ ಕೆಲಸವೇ ಅಲ್ಲವೇ, ಐವರಿಗೂ ತಾನೇ ಕಲಿಸಿಕೊಡುತ್ತೇನೆ ಎಂದರು. ಫೋನು ಇಟ್ಟ ಮೇಲೆ ನನಗೊಂದು ಸಣ್ಣ ಮುಳ್ಳು ಚುಚ್ಚಿತು. ಹಾಗಾದರೆ ಮೈ ಕಡೆಯುವ ನಾನು? ಅದು ಸ್ವಾರ್ಥ ಎಂದು ನನಗೇ ಗೊತ್ತಿತ್ತು, ಅದಕ್ಕೇ ನುಂಗಿಕೊಂಡೆ.

ನೋಯ್ ಬಂದಾಗ ಹೆಮ್ಮೆಯಿಂದ ವಿಷಯ ತಿಳಿಸಿದೆ. ಅವಳು ನಗಲಿಲ್ಲ. ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಇಟ್ಟಿಗೆಯ ಗೋಡೆ, ಅದರ ಮುಂದೆ ಸಾಲಾಗಿ ಕೂತ ಬುದ್ಧರು. ಒಬ್ಬನಿಗೂ ತಲೆ ಇಲ್ಲ. ಅವಳ ಊರು ಅಯುತ್ತಯ, ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ. ಹಳೆಯ ರಾಜಧಾನಿ. ಕೆಲವು ತಲೆ ಯುದ್ಧದಲ್ಲಿ ಹೋದವು, ಕೆಲವನ್ನು ಆಮೇಲೆ ಕಳ್ಳರು ಕುಯ್ದರು. ತಲೆ ಕೊಳ್ಳುವವರು ದೂರದ ಊರುಗಳಲ್ಲಿದ್ದರು, ಹೊರುವುದಕ್ಕೂ ತಲೆಯೇ ಸುಲಭ.

ಫೋನು ಅದೇ ವಾರ್ತೆಯ ಗತ್ತಿನಲ್ಲಿ ಮುಗಿಸಿತು: "ದೇಹಗಳು ನಮ್ಮ ಊರಿನಲ್ಲಿವೆ. ತಲೆಗಳು ಯಾರ ಮನೆಯಲ್ಲಿವೆ ಎಂದು ನಮಗೆ ತಿಳಿದಿಲ್ಲ."

ಈ ಸಲ ನನಗೂ ನಗು ಬರಲಿಲ್ಲ. ನಮ್ಮ ತಲೆಗಳನ್ನು ಯಾವ ಮೈಯಿಂದಲೂ ಕುಯ್ದಿಲ್ಲ, ನಾವು ಮರದಲ್ಲಿ ಹೊಸದಾಗಿ ಕಡೆಯುತ್ತೇವೆ ಎಂದು ವಾದಿಸಿದೆ. ಹೌದು ಎಂದು ಒಪ್ಪಿದಳು. ಮೇಳ ಮುಗಿದ ಮರುದಿನ ತನಗೆ ರಜೆ, ಬಂದರೆ ಊರು ತೋರಿಸುತ್ತೇನೆ ಎಂದು ಹೇಳಿ ಬಕೆಟ್ ಎತ್ತಿಕೊಂಡಳು.

ಅಯುತ್ತಯ

ಮೈಗಳ ಸೂಟ್‌ಕೇಸ್ ಬಂದದ್ದು ಮೇಳದ ಕೊನೆಯ ಸಂಜೆ, ಎಲ್ಲರೂ ಮಳಿಗೆ ಬಿಚ್ಚುತ್ತಿದ್ದಾಗ. ಆ ಹೊತ್ತಿನಲ್ಲಿ ಒಂದಕ್ಕೆ ಮಾತ್ರ ಕಡ್ಡಿ ಇಟ್ಟು ತಲೆ ಕೂಡಿಸಿದೆ. ಬೆಳಗ್ಗೆ ಅದನ್ನು ಮಡಿಲಲ್ಲಿಟ್ಟುಕೊಂಡು ನೋಯ್ ಜೊತೆ ರೈಲು ಹತ್ತಿದೆ. ಮೇಡಂ ಬರಲಿಲ್ಲ, ಅವರಿಗೆ ಬಟ್ಟೆ ಮಾರುಕಟ್ಟೆ ನೋಡುವುದಿತ್ತು.

ರೈಲು ನಮ್ಮ ಮೈಸೂರು ಪ್ಯಾಸೆಂಜರಿನ ಅಕ್ಕತಂಗಿ. ತೆರೆದ ಕಿಟಕಿ, ಮರದ ಸೀಟು, ಬುಟ್ಟಿ ಹೊತ್ತು ಕೂಗುವ ಹೆಂಗಸರು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ ಸೀಟಿಗೆ ಜಗಳವಾಡುವುದಿಲ್ಲ. ನನಗೆ ಅದು ಒಸಿ ಸಪ್ಪೆ ಅನ್ನಿಸಿತು. ನೋಯ್ ಬಾಳೆಯೆಲೆಯಲ್ಲಿ ಕಟ್ಟಿದ ಅಂಟು ಅಕ್ಕಿಯ ಪೊಟ್ಟಣ ತಂದಿದ್ದಳು, ಒಳಗೆ ಬಾಳೆಹಣ್ಣು. ನಮ್ಮ ಎಲೆಗಡುಬಿಗೆ ದೂರದ ನೆಂಟ.

ಅಲ್ಲಿ ಒಂದು ಮರ ಇದೆ. ಅದರ ಬೇರುಗಳು ಹೆಣೆದುಕೊಂಡು ಒಂದು ಬುದ್ಧನ ತಲೆಯನ್ನು ಅಪ್ಪಿಕೊಂಡಿವೆ. ಅದರ ಮುಂದೆ ನಿಂತು ಫೋಟೋ ತೆಗೆಯುವಂತಿಲ್ಲ, ತಲೆಗಿಂತ ಕೆಳಗೆ ಕೂರಬೇಕು. ನನಗೆ ಮಂಡಿನೋವು. ಕೂರಲಾರೆ ಎಂದು ಕಾವಲುಗಾರನಿಗೆ ಮಂಡಿ ತೋರಿಸಿದೆ. ಅವನು ನಗುತ್ತಲೇ ನೆಲ ತೋರಿಸಿದ. ಗೊಣಗುತ್ತಾ ಕೂತೆ. ಕೂತ ಮೇಲೆ ಆ ಮುಖ ನೇರವಾಗಿ ನನ್ನನ್ನೇ ನೋಡುತ್ತಿತ್ತು, ಯಾಕೋ ರಾಮನಗರದ ಬೇಸಿನ್ನು ನೆನಪಾಯಿತು.

ಆಚೆಗೆ ಆ ಸಾಲು. ಫೋಟೋದಲ್ಲಿ ಕಂಡದ್ದಕ್ಕಿಂತ ಉದ್ದ. ಮಡಿಲಲ್ಲಿ ಕೈ ಇಟ್ಟುಕೊಂಡು ಕೂತ ಮೈಗಳು, ಒಂದರ ಪಕ್ಕ ಒಂದು, ಕೆಲವಕ್ಕೆ ಯಾರೋ ಕಾವಿ ಬಟ್ಟೆ ಹೊದಿಸಿದ್ದಾರೆ. ಕುತ್ತಿಗೆಯ ಜಾಗ ಕೆಲವುಗಳಲ್ಲಿ ಮುರಿದ ಹಾಗೆ ಒರಟು, ಕೆಲವುಗಳಲ್ಲಿ ಗರಗಸದಲ್ಲಿ ಕುಯ್ದ ಹಾಗೆ ಸಪಾಟು. ಮೈ ಕಡೆಯುವವಳು ನಾನು. ಭುಜದ ಇಳಿಜಾರು, ಬೆನ್ನಿನ ನೇರ, ಹೊಟ್ಟೆ ಎಲ್ಲಿ ಮೆತ್ತಗಾಗಬೇಕು, ಎಲ್ಲ ಗೊತ್ತು ನನಗೆ. ಈ ಮೈಗಳನ್ನು ಕಡೆದವನು ನನಗಿಂತ ಸಾವಿರ ಪಾಲು ಮೇಲು. ಅವನ ಕೆಲಸ ಯಾರಿಗೂ ಬೇಡವಾಗಿ ಬಿಸಿಲಲ್ಲಿ ಕೂತಿತ್ತು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಒಬ್ಬ ಪ್ರವಾಸಿ ಒಂದು ಮೈಯ ಹಿಂದೆ ನಿಂತು ತನ್ನ ಮುಖವನ್ನೇ ಅದರ ಕುತ್ತಿಗೆಯ ಮೇಲೆ ಕಾಣುವಂತೆ ಇಟ್ಟು ಹಲ್ಲು ಕಿರಿದ. ಕಾವಲುಗಾರನ ಸೀಟಿ ಬರುವ ಮೊದಲೇ ನಾನು ಚನ್ನಪಟ್ಟಣದ ಕನ್ನಡದಲ್ಲಿ ಕೂಗಿದ್ದೆ. ಅವನಿಗೆ ಅರ್ಥವಾಯಿತು, ಓಡಿದ.

ಸೆರಗಿನಲ್ಲಿ ಸುತ್ತಿ ಹಿಡಿದಿದ್ದ ನಮ್ಮ ಗುಂಡು ಬುದ್ಧನನ್ನು ನೋಯ್ ಕೈಗೆ ಕೊಟ್ಟೆ. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು, ಹಣೆಗೆ ಒತ್ತಿಕೊಂಡಳು. ಸುಮ್ಮನೆ ಕೊಟ್ಟರೆ ಆಗದು, ಬಾಡಿಗೆ ಕೊಡಬೇಕು ಎಂದು ಹಟ ಹಿಡಿದಳು. ಬೆಳಗ್ಗೆ ತಿಂದ ಅಂಟು ಅಕ್ಕಿಯೇ ಬಾಡಿಗೆ ಎಂದು ಫೋನಿಗೆ ಹೇಳಿದೆ. ಉಳಿದ ಎರಡು ಪೊಟ್ಟಣವನ್ನೂ ನನ್ನ ಚೀಲಕ್ಕೆ ತುರುಕಿದಳು.

ಹೋಟೆಲಿನ ಹಜಾರ

ಸಂಜೆ ಆ ಉದ್ದನೆಯ ಗಿರಾಕಿ ಕಾಗದಪತ್ರ ಹಿಡಿದು ಹೋಟೆಲಿಗೆ ಬಂದ. ಮೇಡಂ ಪೆನ್ನು ತೆಗೆದಿಟ್ಟಿದ್ದರು. ನಾನು ಸೂಟ್‌ಕೇಸಿನಿಂದ ಒಂದು ಮೈ, ಡಬ್ಬದಿಂದ ಒಂದು ತಲೆ ತೆಗೆದು, ಅವನ ಕಣ್ಣೆದುರೇ ಕಡ್ಡಿ ಇಟ್ಟು ಕೂಡಿಸಿ ಮೇಜಿನ ಮೇಲೆ ಕೂರಿಸಿದೆ. ಹೀಗೆ ಬೇಕಾದರೆ ಎಷ್ಟು ಬೇಕೋ ಅಷ್ಟು ಕೊಡುತ್ತೇವೆ, ಸ್ನಾನದ ಮನೆಯಲ್ಲಿಡುತ್ತಾನೋ ಅಡುಗೆ ಮನೆಯಲ್ಲಿಡುತ್ತಾನೋ ಅವನ ಇಷ್ಟ, ಬರೀ ತಲೆ ಮಾತ್ರ ಇಲ್ಲ ಎಂದೆ. ಮೇಡಂ ಅದನ್ನು ಅರ್ಧ ನುಂಗಿ ಅರ್ಧ ಹೇಳಿದರು. ಅವನು ಬೇಸರಪಡದೆ ಬುದ್ಧನನ್ನು ನೋಡಿದ, ಚೆನ್ನಾಗಿದೆ ಎಂದ, ಆದರೆ ಇಷ್ಟು ಎತ್ತರ ಅವನ ಅಂಗಡಿಗಳ ಅಟ್ಟಣಿಗೆಗೆ ಹಿಡಿಸುವುದಿಲ್ಲವಂತೆ.

ಮೇಡಂ ನನ್ನ ಕಡೆ ಬಾಗಿ, "ಜಯಮ್ಮ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಆರು ಮನೆಗಳ ವಿಷಯ ಇದು. ಊರಿಗೆ ಹೋಗಿ ಅವರಿಗೆ ಏನಂತ ಹೇಳ್ತೀರಾ?" ಎಂದರು.

ಅದೇ ನನ್ನನ್ನೂ ತಿನ್ನುತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ.

"ಅಟ್ಟಣಿಗೇಲಿ ಜಾಗ ಇಲ್ದಿದ್ರೆ ಅಟ್ಟಣಿಗೆ ಎತ್ತರಿಸ್ಕಳ್ಳಿ ಮೇಡಂ. ಅದಕ್ಕೆ ನಾವ್ಯಾಕೆ ಬುದ್ಧನ ಕುತ್ತಿಗೆ ಕುಯ್ಬೇಕು? ಊರಲ್ಲಿ ಏನ್ ಹೇಳ್ಬೇಕೋ ನಾನ್ ಹೇಳ್ಕತೀನಿ."

ವಿಮಾನದಲ್ಲಿ ಮೇಡಂ ನನ್ನ ಜೊತೆ ಮಾತಾಡಲಿಲ್ಲ. ಅಂಟು ಅಕ್ಕಿಯ ಪೊಟ್ಟಣ ಕೊಟ್ಟರೆ ತೆಗೆದುಕೊಂಡರು ಮಾತ್ರ.

ಚನ್ನಪಟ್ಟಣ

ಬರಿಗೈಯಲ್ಲೇ ಬಂದೆ. ನಡೆದದ್ದನ್ನೆಲ್ಲ ಹೇಳಿದೆ, ನೋಯ್ ಕಳಿಸಿದ, ಆ ತಲೆಯಿಲ್ಲದ ಸಾಲಿನ ಫೋಟೋ ತೋರಿಸಿದೆ. ರತ್ನ ಎದ್ದುಹೋದಳು, ವಾರದೊಳಗೆ ಹಾರೋಹಳ್ಳಿಗೆ ಸೇರಿದಳು. ಅವಳನ್ನು ನಾನು ದೂರುವುದಿಲ್ಲ. ನನ್ನ ಹಟಕ್ಕೆ ಬೆಲೆ ತೆತ್ತವಳು ಅವಳು, ಅದು ನನಗೆ ಈಗಲೂ ನೋಯುತ್ತದೆ. ಸಾಬಿರಾ ಆಪಾ ಬೈದರು. ಆರ್ಡರ್ ಸಿಕ್ಕಿತೆಂದು ತಾವು ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

"ಮೈ ನಿಂದು ಅಂತ ನಿಂಗೆ ಉರೀತು. ತಲೆ ನಂದು ಕಣಮ್ಮಿ. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಕೇಳಬೇಕಿತ್ತು, ಕೇಳಿರಲಿಲ್ಲ. ತಪ್ಪಾಯಿತು ಆಪಾ ಎಂದೆ. ಅವರು ನನ್ನ ಫೋನು ಕಿತ್ತುಕೊಂಡು ಕನ್ನಡಕ ಹಾಕಿಕೊಂಡು ಆ ಫೋಟೋವನ್ನು ಬೆರಳಿಂದ ಹಿಗ್ಗಿಸಿ ಒಂದೊಂದು ಕುತ್ತಿಗೆಯನ್ನೂ ನೋಡಿದರು. ಫೋನು ವಾಪಸು ಕೊಟ್ಟು ಮನೆಗೆ ಹೋದರು. ಎರಡು ದಿನ ಬರಲಿಲ್ಲ.

ಮೂರನೇ ದಿನ ಬಂದವರು ನಮ್ಮ ಬೊಂಬೆಗಳಿಗೆಲ್ಲ ಬಳಸುವ ಆಲೆ ಮರದ ಉದ್ದನೆಯ ತುಂಡೊಂದನ್ನು ಲೇತಿಗೆ ಏರಿಸಿದರು. ನನ್ನನ್ನು ಪಕ್ಕಕ್ಕೆ ಕರೆದರು. ಕೆಳಗಿನ ಅರ್ಧ ನನಗೆ, ಮೇಲಿನ ಅರ್ಧ ತಮಗೆ, ನಡುವೆ ಕಡಿಯಬಾರದು. ಒಂದೇ ಮರದಲ್ಲಿ ಮೈಯೂ ತಲೆಯೂ. ನಾಲ್ಕು ತುಂಡು ಕುತ್ತಿಗೆಯಲ್ಲೇ ಲಟಕ್ಕೆಂದು ಮುರಿದವು. ಅರಗಿನ ಬಣ್ಣ ಭುಜದಿಂದ ಗದ್ದಕ್ಕೆ ಹರಿದು ಕೆಟ್ಟಿತು. ಐದನೆಯದು ನಿಂತಿತು. ಕುತ್ತಿಗೆ ಒಸಿ ದಪ್ಪವಾಗಿದೆ, ಎಳನೀರು ಗೊನೆ ಹೊರುವವನ ಹಾಗೆ. ನಮಗೆ ಅದೇ ಇಷ್ಟವಾಯಿತು. ಈಗ ನಮ್ಮ ಅಂಗಡಿಯಲ್ಲಿ ಬುದ್ಧನಿಗೆ ಎರಡು ಬುಟ್ಟಿ ಇಲ್ಲ. ಕೆಲಸ ನಿಧಾನ, ಮರ ಹೆಚ್ಚು ಬೇಕು, ಒಂದು ಮಷೀನು ಇನ್ನೂ ಸುಮ್ಮನೆ ನಿಂತಿದೆ. ಸುಮ್ಮನೆ ನಿಂತಿರಲಿ.

ಹೋದ ವಾರ ಮೇಡಂ ಫೋನು ಮಾಡಿದ್ದರು. ಆ ಗಿರಾಕಿ ಮತ್ತೆ ಕೇಳುತ್ತಿದ್ದಾನೆ, ಒಂದು ಸಲ ಸ್ಯಾಂಪಲ್ಲಿಗಾದರೂ ಹತ್ತು ತಲೆ ಕಳಿಸಿ ಎಂದು. ಈ ಸಲ ನಾನು ಬುದ್ಧಿ ಕಲಿತಿದ್ದೆ. ಫೋನನ್ನು ನೇರ ಸಾಬಿರಾ ಆಪಾ ಕೈಗೆ ಕೊಟ್ಟೆ. ಆಪಾ ಮಷೀನು ನಿಲ್ಲಿಸಿ, ಉಳಿಯನ್ನು ಕೈಯಲ್ಲೇ ಹಿಡಿದು, ಪೂರ್ತಿ ಕೇಳಿಸಿಕೊಂಡರು.

"ತಲೆ ಬೇಕಾದ್ರೆ ಗರಗಸ ತಕಂಡು ಅವ್ನೇ ಬರ್ಲಿ ಮೇಡಮ್ಮ," ಎಂದರು. "ನಾನ್ ಇಲ್ಲೇ ಕುಂತಿರ್ತೀನಿ."